ಪೊಸಕೆರೆಯ ಕಲ್ಲುಕೋರೆ

ಬೈಕು ಬಿದ್ದದ್ದು ಕೋರೆಯ ಮೂಡಣ ಗೋಡೆಯ ಬುಡದಲ್ಲಿ. ಹೆಣ ಇದ್ದದ್ದು ಪಡುವಣ ಗೋಡೆಯ ಬುಡದಲ್ಲಿ. ನಡುವೆ ನಲವತ್ತು ಅಡಿ ಕಲ್ಲುಹುಡಿಯ ನೆಲ, ಅದರಲ್ಲೊಂದು ಪೊದೆ.

ಹೆಡ್ ಕಾನ್‌ಸ್ಟೆಬಲ್ ಹೂವಪ್ಪ ಅಂಚಿನಲ್ಲಿ ನಿಂತು ಕೆಳಗೆ ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ. ಎತ್ತರಕ್ಕೆ ಹೆದರಿದ್ದಲ್ಲ. ಸತ್ತವನ ಹೆಸರನ್ನು ಜೀಪಿನಲ್ಲಿ ಬರುವಾಗಲೇ ಕೇಳಿದ್ದ. ವಿಶಾಲ್ ಕಾಂಚನ್, ಮೂವತ್ತನಾಲ್ಕು ವರ್ಷ, ಊರು ಕಾಪು. ಅಂದರೆ ರತ್ನಾವತಿಯ ಮಗ. ಕಾಪುವಿನ ಕಡಲ ಕರೆಯಲ್ಲಿ ಹೂವಪ್ಪನ ಮನೆಯಿಂದ ನಾಲ್ಕನೆಯ ಮನೆ. ಅವಳು ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋದಾಗ ಈ ಹುಡುಗ ಹೂವಪ್ಪನ ಅಂಗಳದಲ್ಲಿ ಆಡಿ ಬೆಳೆದವನು.

"ಹೂವಪ್ಪಣ್ಣ, ನಿಮಗೆ ಕಷ್ಟವಾದರೆ ಮೇಲೆಯೇ ಇರಿ," ಎಂದರು ಎಸ್.ಐ. ಶರ್ಮಿಳಾ.

"ಇಲ್ಲ ಮೇಡಂ. ಬರ್ತೇನೆ."

ಎಪ್ರಿಲ್ ತಿಂಗಳ ಭಾನುವಾರ, ಸಂಜೆ ನಾಲ್ಕೂವರೆ. ಕಾರ್ಕಳದಿಂದ ಮೂಡಕ್ಕೆ, ಘಟ್ಟದ ಬುಡದಲ್ಲಿರುವ ಪೊಸಕೆರೆ. ಕೆರೆಯ ದಡದಲ್ಲಿ ನಾಲ್ಕು ಡೇರೆ. ಮೇಲಿನ ಗುಡ್ಡದಲ್ಲಿ ಎಂದೋ ಬಿಟ್ಟುಹೋದ ಕರಿಕಲ್ಲಿನ ಕೋರೆ. ಹಿಂದೆ ಲಾರಿ ಇಳಿಯುತ್ತಿದ್ದ ದಾರಿ ಮುಳ್ಳು ಬೆಳೆದು ಬಹುಪಾಲು ಮುಚ್ಚಿತ್ತು. ಅದನ್ನು ಕತ್ತಿಯಿಂದ ಸವರಿಕೊಂಡು ಇಬ್ಬರೂ ಕೆಳಗಿಳಿದರು. ಜೀಪಿನಲ್ಲಿ ಬಂದ ಇಬ್ಬರು ಕಾನ್‌ಸ್ಟೆಬಲ್‌ಗಳು ಕ್ಯಾಮರಾ, ಟೇಪು ಹಿಡಿದು ಹಿಂದೆ ಬಂದರು.

ವಿಶಾಲ್ ಗೋಡೆಗೆ ಒರಗಿ ಕುಳಿತಂತೆ ಇದ್ದ. ಎಡತೊಡೆ ಬಾತು ಪ್ಯಾಂಟು ಬಿಗಿದಿತ್ತು. ಕೈಯಲ್ಲಿ ಗವಸು ಇರಲಿಲ್ಲ. ಜಾಕೆಟ್ ಇರಲಿಲ್ಲ. ಬನಿಯನ್ ಬೆವರಿ ಒಣಗಿ ಉಪ್ಪುಗಟ್ಟಿತ್ತು. ತಲೆಯಲ್ಲಿ ಮಾತ್ರ ಹೆಲ್ಮೆಟ್. ಹೆಲ್ಮೆಟ್ಟಿನ ಎಡಬದಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ. ಅದರಲ್ಲೊಂದು ನೀಲಿ ದೀಪ ಆಗೊಮ್ಮೆ ಈಗೊಮ್ಮೆ ಮಿನುಗುತ್ತಿತ್ತು.

ಹೂವಪ್ಪ ಮುಖ ತಿರುಗಿಸಿಕೊಂಡ. ಶರ್ಮಿಳಾ ಬಾಗಿ ಹೆಣದ ತೋಳನ್ನು ಮೆಲ್ಲಗೆ ಎತ್ತಿ, ಬಗ್ಗಿಸಿ ನೋಡಿ, ಮೊದಲಿನಂತೆಯೇ ಇಟ್ಟರು. 

ಶಿಬಿರದಲ್ಲಿ ವಿಶಾಲ್ ಜೊತೆ ಗುಡ್ಡದಲ್ಲಿ ಬೈಕ್ ಓಡಿಸಲು ಬಂದಿದ್ದ ಮೂವರು ಕಾಯುತ್ತಿದ್ದರು.

ಮೊದಲು ಮಾತಾಡಿದವನು ಚಿನ್ಮಯ, ಉಡುಪಿಯಲ್ಲಿ ಸ್ವಂತ ಕ್ಲಿನಿಕ್ ಇರುವ ಮೂಳೆ ಡಾಕ್ಟರ್. ಅಜ್ಜನ ಕಾಲದಿಂದ ರಥಬೀದಿಯ ಮನೆತನ. ಕಣ್ಣು ಕೆಂಪಗಿತ್ತು, ಮಾತು ಸ್ಪಷ್ಟವಾಗಿತ್ತು.

"ಹೆಣ ನೋಡಿದವರಲ್ಲಿ ನೀವು ಮೊದಲಿಗರಾ ಡಾಕ್ಟ್ರೇ?"

"ನೋಡಿದ್ದು ಜೋವಿನ್. ಇಳಿದು ನಾಡಿ ಹಿಡಿದದ್ದು ನಾನು. ಆಗ ಮೂರು ಗಂಟೆ ದಾಟಿತ್ತು. ಜೀವ ಹೋಗಿ ಎಷ್ಟೋ ಹೊತ್ತಾಗಿತ್ತು ಮೇಡಂ."

"ಎಷ್ಟು ಹೊತ್ತು?"

"ಬೆಳಿಗ್ಗೆ ಎಂಟೂಮುಕ್ಕಾಲಿಗೆ ಬಿದ್ದಿರಬೇಕು. ಹತ್ತು ಹದಿನೈದು ನಿಮಿಷದಲ್ಲಿ ಮುಗಿದಿರುತ್ತದೆ. ಒಳಗೇ ರಕ್ತ ಹೋಗಿದೆ. ಹೆಚ್ಚು ನೋವಾಗಿರಲಿಕ್ಕಿಲ್ಲ. ಅದೊಂದೇ ಸಮಾಧಾನ."

"ಬೈಕು ಅಲ್ಲಿ, ಅವರು ಇಲ್ಲಿ?"

"ಬಿದ್ದ ರಭಸಕ್ಕೆ ಎಸೆದಿರುತ್ತದೆ."

"ನೀವು ಎಲ್ಲಿದ್ದಿರಿ?"

"ಮೇಲಿನ ಟ್ರೇಲ್‌ನಲ್ಲಿ, ಈ ಗುಡ್ಡದ ಮಣ್ಣುದಾರಿಯಲ್ಲಿ, ಹೋದವರು ನಾವಿಬ್ಬರೇ. ಅವನು ಎಂಟೂವರೆಗೆ ಹೊರಟ, ನಾನು ಹತ್ತು ನಿಮಿಷ ಬಿಟ್ಟು ಹೊರಟೆ. ದಾರಿಯಲ್ಲಿ ಎಲ್ಲಿಯೂ ಕಾಣಲಿಲ್ಲ. ಮುಂದೆ ಹೋಗಿದ್ದಾನೆ ಅಂದುಕೊಂಡೆ. ಹತ್ತು ಗಂಟೆಯಾದರೂ ಶಿಬಿರಕ್ಕೆ ಬರಲಿಲ್ಲ. ಆಗ ಹುಡುಕಲಿಕ್ಕೆ ಹೊರಟೆವು."

"ಮೇಲೆ ಹುಡುಕಿದ್ದು ಯಾರು?"

"ನಾನೇ."

"ಕೋರೆಯೊಳಗೆ ಬಗ್ಗಿ ನೋಡಲಿಲ್ವಾ?"

ಚಿನ್ಮಯ ಮುಖ ಮುಚ್ಚಿಕೊಂಡ. "ನೋಡಿದೆ ಮೇಡಂ. ನೆರಳಿತ್ತು. ಕಾಣಲಿಲ್ಲ. ಆ ಪಾಪ ನನ್ನ ತಲೆಗೇ ಇರಲಿ."

ಹೂವಪ್ಪನಿಗೆ ಅವನ ಬಗ್ಗೆ ಕನಿಕರ ಹುಟ್ಟಿತು. ಗೆಳೆಯನನ್ನು ಕಳೆದುಕೊಂಡವನು, ತಪ್ಪನ್ನೂ ಒಪ್ಪಿಕೊಳ್ಳುತ್ತಿದ್ದಾನೆ.

ಜೋವಿನ್ ಮಣಿಪಾಲದಲ್ಲಿ ಬೈಕ್ ಗ್ಯಾರೇಜ್ ಇಟ್ಟವನು. ನಾಲ್ಕೂ ಬೈಕುಗಳನ್ನು ಟ್ರೇಲಿಗೆ ಸಜ್ಜು ಮಾಡಿದ್ದು ಅವನೇ. ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಡುವುದನ್ನೂ ಮರೆತಿದ್ದ.

"ಬ್ರೇಕ್ ಸರಿ ಇತ್ತಾ?"

"ದೇವರಾಣೆ ಸರಿ ಇತ್ತು ಮೇಡಂ. ನಿನ್ನೆ ನಾನೇ ಓಡಿಸಿ ನೋಡಿದ್ದೇನೆ. ಬೇಕಾದರೆ ಯಾರನ್ನಾದರೂ ಕರೆಸಿ ನೋಡಿಸಿ."

"ನೀನು ಎಲ್ಲಿ ಹುಡುಕಿದೆ?"

"ಕೆರೆಯ ಆಚೆ ದಡ. ಡಾಕ್ಟ್ರು ಹಾಗೆ ಹಂಚಿ ಕೊಟ್ಟಿದ್ರು. ನಾನು ಕೆರೆ ಬದಿ, ತನ್ವಿ ಎಸ್ಟೇಟ್ ರಸ್ತೆ, ಅವರು ಮೇಲೆ. ಹನ್ನೊಂದೂವರೆಗೆ ನಾನೂ ಮೇಲೆ ಬರ್ತೇನೆ ಅಂತ ಕೂಗಿದೆ. ಬೇಡ, ಇಲ್ಲಿ ಇಂಚಿಂಚು ನೋಡಿ ಆಯ್ತು ಅಂತ ಕೈಬೀಸಿದ್ರು."

"ಅವರು ಕಾಣಿಸ್ತಿದ್ರಾ ನಿನಗೆ?"

"ಕಾಣ್ತಿದ್ರು. ಕೋರೆ ಹತ್ತಿರದ ಬಂಡೆ ಮೇಲೆ ಕೂತಿದ್ರು, ಹೆಲ್ಮೆಟ್ ಹಾಕಿಕೊಂಡು. ಕೆಂಪು ಹೆಲ್ಮೆಟ್ ಅಲ್ವಾ, ದೂರದಿಂದ ಗುರುತು ಸಿಗ್ತದೆ. ಒಂದು ಗಂಟೆಗೆ ನೋಡಿದಾಗಲೂ ಅಲ್ಲೇ ಇದ್ರು. ಪಾಪ, ಸೋತು ಕೂತಿದ್ದಾರೆ ಅಂತ ಅನಿಸಿತು."

"ಮತ್ತೆ ಮೂರು ಗಂಟೆಗೆ ನೀನು ಮೇಲೆ ಹೋದದ್ದು?"

"ಮನಸ್ಸು ಕೇಳಲಿಲ್ಲ ಮೇಡಂ. ಅವರು ನೀರು ಕುಡಿಯಲಿಕ್ಕೆ ಶಿಬಿರಕ್ಕೆ ಇಳಿದಿದ್ರು. ನಾನು ಹೇಳದೆ ಹತ್ತಿದೆ. ಅಂಚಿನಲ್ಲಿ ನಿಂತ ಕೂಡಲೇ ಕಂಡಿತು." ಅವನು ಸ್ಪ್ಯಾನರಿನಿಂದ ಕೋರೆಯ ಕಡೆಗೆ ತೋರಿಸಿದ. "ಕೂಡಲೇ ಕಂಡಿತು ಮೇಡಂ."

ತನ್ವಿ ಮಣಿಪಾಲದ ಕಾಲೇಜೊಂದರಲ್ಲಿ ವಾಸ್ತುಶಿಲ್ಪ ಕಲಿಸುವವಳು. ಟ್ರೇಲ್‌ಗೆ ಹೊಸಬಳು, ಬೆಳಿಗ್ಗೆ ಜೋವಿನ್ ಜೊತೆ ಕೆರೆಬದಿಯ ಸುಲಭದ ದಾರಿಯಲ್ಲಿ ಹೋಗಿದ್ದಳು. ಅಳು ನಿಂತಿರಲಿಲ್ಲ.

"ಹನ್ನೊಂದಕ್ಕೇ ಪೊಲೀಸಿಗೆ ಹೇಳುವ ಅಂದೆ ನಾನು. ಇಲ್ಲಿ ನೆಟ್‌ವರ್ಕ್ ಇಲ್ಲ, ಆರು ಕಿಲೋಮೀಟರ್ ಕೆಳಗೆ ಹೋಗಬೇಕು. ಡಾಕ್ಟ್ರು ಬೇಡ ಅಂದರು. ವಿಶಾಲ್ ಹೀಗೆ ಒಬ್ಬನೇ ಸುತ್ತಲಿಕ್ಕೆ ಹೋಗುವುದುಂಟು, ಪೊಲೀಸರು ಬಂದರೆ ನಗೆಪಾಟಲು ಅಂತ."

"ಹೆಲ್ಮೆಟ್ಟಿನ ಆ ಕಪ್ಪು ಡಬ್ಬಿ ಎಂತದು?"

"ಇಂಟರ್‌ಕಾಮ್. ಓಡಿಸುವಾಗ ಒಬ್ಬರಿಗೊಬ್ಬರು ಮಾತಾಡಲಿಕ್ಕೆ. ಒಳಗೆ ಮೈಕ್, ಸ್ಪೀಕರ್ ಉಂಟು. ನಮ್ಮ ಮೂವರಿಗೆ ಉಂಟು, ಜೋವಿನ್‌ಗೆ ಇಲ್ಲ. ನನ್ನದರ ಚಾರ್ಜ್ ನಿನ್ನೆಯೇ ಹೋಯಿತು. ಪವರ್ ಬ್ಯಾಂಕ್ ಯಾರೂ ತಂದಿರಲಿಲ್ಲ. ಡಾಕ್ಟ್ರದ್ದೂ ನಿನ್ನೆ ಸಂಜೆಯೇ ಸತ್ತುಹೋಯಿತಂತೆ. ಇದ್ದಿದ್ದರೆ ವಿಶಾಲ್ ಕರೆದದ್ದು ಕೇಳುತ್ತಿತ್ತೋ ಏನೋ…"

"ಅವರಿಬ್ಬರ ನಡುವೆ ಏನಾದರೂ ಜಗಳ?"

ತನ್ವಿ ಕಣ್ಣೊರೆಸಿಕೊಂಡಳು. "ಜಗಳ ಅಂತ ಅಲ್ಲ. ನಿನ್ನೆ ಡೇರೆ ಕಟ್ಟುವಾಗ ವಿಶಾಲ್ ಹೇಳುವುದು ಕೇಳಿಸಿತು. 'ಸೋಮವಾರ ನಾನು ಹೋಗ್ತೇನೆ. ನೀನು ಬಂದರೂ ಸರಿ, ಬಾರದಿದ್ದರೂ ಸರಿ. ಆ ಮುದುಕಿ ಸಂಜೆವರೆಗೆ ಬದುಕಿದ್ದಳಂತೆ.' ಯಾವ ಮುದುಕಿ ಅಂತ ಗೊತ್ತಿಲ್ಲ ಮೇಡಂ. ನಾನು ಈ ಗುಂಪಿಗೆ ಸೇರಿ ಒಂದು ತಿಂಗಳು."

ಹೂವಪ್ಪ ತಟ್ಟನೆ ತಲೆಯೆತ್ತಿದ. ಯಾವ ಮುದುಕಿ ಎಂದು ಅವನಿಗೆ ಗೊತ್ತಿತ್ತು. ಫೆಬ್ರವರಿಯಲ್ಲಿ ಇದೇ ಠಾಣೆಯ ಗಡಿಯ ಒಂದು ಗುಡ್ಡೆಗೆ ತರಗೆಲೆ ಗುಡಿಸಲು ಹೋದ ಸುಂದರಿ ಎಂಬವಳಿಗೆ ಯಾವುದೋ ಬೈಕು ಬಡಿದಿತ್ತು. ಬೆಳಿಗ್ಗೆ ಬಿದ್ದವಳು ಸಂಜೆ ಮನೆಯವರಿಗೆ ಸಿಕ್ಕಿದಾಗ ತುಟಿ ಅಲ್ಲಾಡುತ್ತಿತ್ತು. ಆಸ್ಪತ್ರೆಯ ದಾರಿಯಲ್ಲಿ ಜೀವ ಹೋಯಿತು. ಮಣ್ಣಿನಲ್ಲಿ ದಪ್ಪ ಹಲ್ಲಿನ ಟಯರಿನ ಗುರುತು. 'ಅಪರಿಚಿತ ವಾಹನ' ಎಂದು ಬರೆದು ಫೈಲು ಕಟ್ಟಿಟ್ಟವನು ಹೂವಪ್ಪನೇ.

ಅವನು ಶರ್ಮಿಳಾರ ಕಿವಿಯಲ್ಲಿ ಅದನ್ನು ಹೇಳಿದ. ಅವರು ತಲೆಯಾಡಿಸಿದರು, ಅಷ್ಟೆ.

"ಮೂರೂ ಹೆಲ್ಮೆಟ್ ಇಲ್ಲಿ ತನ್ನಿ," ಎಂದರು. "ಹೂವಪ್ಪಣ್ಣ, ನೀವು ಕೋರೆಗೆ ಇಳಿಯಿರಿ. ಫೋಟೋ, ಅಳತೆ ಎಲ್ಲ ಆಗಿದೆ. ಹೆಣದ ಹತ್ತಿರ ಸುಮ್ಮನೆ ನಿಂತಿರಿ. ಮುಟ್ಟಬೇಡಿ."

"ಯಾಕೆ ಮೇಡಂ?"

"ಹೋಗಿ. ಹೇಳ್ತೇನೆ."

ಹೂವಪ್ಪ ಇಳಿದು ಹೋಗಿ ನಿಂತ. ಸಂಜೆಯ ಬಿಸಿಲು ಮೂಡಣ ಗೋಡೆಗೆ ಬಡಿಯುತ್ತಿತ್ತು. ಪಡುವಣ ಗೋಡೆಯ ಬುಡ ಮಾತ್ರ ತಂಪು. ನೊಣಗಳು. ಹುಡುಗನ ತುಟಿ ಒಡೆದಿತ್ತು. ಕತ್ತಿನ ದಾರದಿಂದ ಎದೆಯ ಮೇಲೆ ನೇತಾಡುವ ಕಿತ್ತಳೆ ಬಣ್ಣದ ಸೀಟಿ. ಈಜು ಕಲಿಸುವಾಗ ಹೂವಪ್ಪ ಇವನ ಹೊಟ್ಟೆಯ ಕೆಳಗೆ ಕೈಯಿಟ್ಟು ಹಿಡಿಯುತ್ತಿದ್ದ. ಬಿಡಬೇಡಿ ಮಾಮ, ಬಿಡಬೇಡಿ ಎಂದು ಇವನು ಕಿರುಚುತ್ತಿದ್ದ.

ಆಗ ಹೆಣ ಮಾತಾಡಿತು.

ಒಂದು ಚರಚರ ಸದ್ದು. ಆಮೇಲೆ ಹೆಲ್ಮೆಟ್ಟಿನೊಳಗಿನಿಂದ, ಸತ್ತವನ ಕಿವಿಯ ಪಕ್ಕದಿಂದ, ಸಣ್ಣಗೆ, ಸ್ಪಷ್ಟವಾಗಿ— "ಹೂವಪ್ಪಣ್ಣ, ಕೇಳ್ತಾ ಉಂಟಾ? ಕೇಳಿದರೆ ಕೈ ಎತ್ತಿ."

ಹೂವಪ್ಪ ಎರಡು ಹೆಜ್ಜೆ ಹಿಂದೆ ಹಾರಿದ.  ಮೇಲೆ ನೋಡಿದ. ಬಂಡೆಯ ಮೇಲೆ ಶರ್ಮಿಳಾ ನಿಂತಿದ್ದರು. ತಲೆಯಲ್ಲಿ ಕೆಂಪು ಹೆಲ್ಮೆಟ್. ಡಾಕ್ಟರನದ್ದು.

ಅವನು ಕೈ ಎತ್ತಿದ.

ಮೇಲೆ ಹತ್ತಿ ಬರುವಷ್ಟರಲ್ಲಿ ಮೂವರನ್ನೂ ಬಂಡೆಯ ಬಳಿ ಸಾಲಾಗಿ ನಿಲ್ಲಿಸಿದ್ದರು. ಇಬ್ಬರು ಕಾನ್‌ಸ್ಟೆಬಲ್‌ಗಳು ಹಿಂದೆ ನಿಂತಿದ್ದರು. ಚಿನ್ಮಯನ ಮುಖದಲ್ಲಿ ಬೆವರಿರಲಿಲ್ಲ.

"ತನ್ವಿಯವರ ಸೆಟ್ ಒತ್ತಿದೆ, ಸತ್ತಿದೆ," ಎಂದರು ಶರ್ಮಿಳಾ. "ನಿಮ್ಮದು ಒತ್ತಿದ ಕೂಡಲೇ ಎದ್ದಿತು. ಕೆಳಗಿನ ಸೆಟ್‌ಗೆ ತಾನಾಗಿಯೇ ಸೇರಿತು. ನಿನ್ನೆ ಸಂಜೆಯೇ ಸತ್ತ ಬ್ಯಾಟರಿ. ಶಿಬಿರದಲ್ಲಿ ಕರೆಂಟಿಲ್ಲ, ಪವರ್ ಬ್ಯಾಂಕಿಲ್ಲ. ಹೇಗೆ ಜೀವ ಬಂತು ಡಾಕ್ಟ್ರೇ?"

"ಕೆಲವೊಮ್ಮೆ ಹಾಗಾಗ್ತದೆ. ತುಸು ಹೊತ್ತು ಬಿಟ್ಟರೆ—"

"ಇರಲಿ. ನಾನು ಮೊದಲಿನಿಂದ ಹೇಳ್ತೇನೆ. ತಪ್ಪಿದ್ದರೆ ತಿದ್ದಿ." ಅವರು ಕೋರೆಯತ್ತ ಕೈ ತೋರಿದರು. "ನಾಲ್ಕೂವರೆಗೆ ನಾನು ಅವರ ತೋಳು ಎತ್ತಿದೆ. ಬಗ್ಗಿತು. ಬೆಳಿಗ್ಗೆ ಒಂಬತ್ತಕ್ಕೆ ಸತ್ತವರ ತೋಳು ಅಷ್ಟು ಹೊತ್ತಿಗೆ ಮರದ ಹಾಗೆ ಸೆಟೆದಿರಬೇಕು. ನನಗಿಂತ ಚೆನ್ನಾಗಿ ನಿಮಗೆ ಗೊತ್ತುಂಟು. ಆದರೂ ಹತ್ತು ನಿಮಿಷ ಅಂದಿರಿ. ಯಾಕೆ?"

ಚಿನ್ಮಯ ಅಂಗಿಯ ತೋಳು ಸರಿಮಾಡಿಕೊಂಡ.

"ಅವರು ಬಿದ್ದದ್ದು ಮೂಡಣ ಗೋಡೆಯ ಬುಡಕ್ಕೆ. ಅಲ್ಲಿ ಅವರ ಗವಸು, ಕನ್ನಡಕ ಉಂಟು, ಒಂದರ ಮೇಲೊಂದು ಇಟ್ಟದ್ದು. ಬೆಳಿಗ್ಗೆ ಅಲ್ಲಿ ನೆರಳು. ಅಲ್ಲಿಂದ ಹುಡಿಯಲ್ಲಿ ಮೈ ಎಳೆದ ಗುರುತು ನಡುವಿನ ಪೊದೆಯವರೆಗೆ. ಅಲ್ಲಿ ಜಾಕೆಟ್, ಕಡಲೆಮಿಠಾಯಿಯ ಕಾಗದ, ಬರಿದಾದ ನೀರಿನ ಚೀಲ. ನಡು ಮಧ್ಯಾಹ್ನಕ್ಕೆ ನೆರಳಿರುವುದು ಆ ಪೊದೆಯ ಅಡಿಯಲ್ಲಿ ಮಾತ್ರ. ಅಲ್ಲಿಂದ ಮತ್ತೆ ಎಳೆದ ಗುರುತು ಪಡುವಣ ಗೋಡೆಗೆ. ಒಂದೂವರೆ ಗಂಟೆಯ ಮೇಲೆ ಅಲ್ಲಿ ನೆರಳು ಬೀಳ್ತದೆ. ತೊಡೆಮೂಳೆ ಮುರಿದ ಮನುಷ್ಯ ಐದು ಗಂಟೆ ಬಿಸಿಲಿನಿಂದ ತಪ್ಪಿಸಿಕೊಳ್ಳುತ್ತಾ ನಲವತ್ತು ಅಡಿ ತೆವಳಿದ್ದಾರೆ."

ತನ್ವಿ ಬಾಯಿಗೆ ಕೈ ಒತ್ತಿಕೊಂಡಳು.

"ಎದೆಯಲ್ಲಿ ಸೀಟಿ ಇತ್ತು. ಊದಲಿಲ್ಲ. ಯಾಕೆ? ಜೋವಿನ್ ಕೂಗುವುದು ಕೇಳಿಸಿರಬೇಕು. ಓಗೊಡಲಿಲ್ಲ. ಯಾಕೆ? ಗವಸು ತೆಗೆದರು, ಜಾಕೆಟ್ ತೆಗೆದರು. ಆದರೆ ಎಪ್ರಿಲ್‌ನ ಈ ಉರಿಯಲ್ಲಿ ಯಾರಾದರೂ ಮೊದಲು ತೆಗೆಯುವಂಥದ್ದು ಹೆಲ್ಮೆಟ್. ಅದನ್ನು ಮಾತ್ರ ಕೊನೆಯ ಉಸಿರಿನವರೆಗೆ ತೆಗೆಯಲಿಲ್ಲ. ಎಲ್ಲರೂ ಅದನ್ನು ನೋಡಿದ್ದೇವೆ. ಬೈಕಿನಿಂದ ಬಿದ್ದವರ ತಲೆಯಲ್ಲಿ ಹೆಲ್ಮೆಟ್ ಇರುವುದು ಸಹಜ ಅಂತ ಬಿಟ್ಟಿದ್ದೇವೆ."

ಹೂವಪ್ಪನಿಗೆ ಈಗ ತಿಳಿಯತೊಡಗಿತು. ತಿಳಿಯಬಾರದಿತ್ತು ಅನಿಸಿತು.

"ಯಾಕೆಂದರೆ ಹೆಲ್ಮೆಟ್ಟಿನೊಳಗೆ ಯಾರೋ ಮಾತಾಡ್ತಾ ಇದ್ದರು. ಬರ್ತಾ ಇದ್ದೇವೆ, ಧೈರ್ಯವಾಗಿರು ಅಂತ. ಕೂಗಬೇಡ ಅಂತ. ಅದೇ ಹೊತ್ತಿನಲ್ಲಿ ಇಲ್ಲಿ ಮೇಲೆ, ಬೈಕು ನಿಲ್ಲಿಸಿ, ಸುಡುವ ಬಂಡೆಯ ಮೇಲೆ ಇನ್ನೊಬ್ಬರು ಹೆಲ್ಮೆಟ್ ಹಾಕಿಕೊಂಡೇ ಕೂತಿದ್ದರು. ಜೋವಿನ್ ಎರಡು ಸಲ ನೋಡಿದ್ದಾನೆ. ಆ ಕೊಲೆಗಾರ ನೀವು, ಡಾಕ್ಟರ್ ಚಿನ್ಮಯ."

ಜೋವಿನ್ ಒಂದು ವಿಚಿತ್ರ ಸದ್ದು ಮಾಡಿ ಮುನ್ನುಗ್ಗಿದ. ಕಾನ್‌ಸ್ಟೆಬಲ್ ಅವನನ್ನು ತಬ್ಬಿ ಹಿಡಿದ.

ಚಿನ್ಮಯ ಕೆರೆಯ ಕಡೆಗೆ ತಿರುಗಿದ. ಆಮೇಲೆ ಕ್ಲಿನಿಕ್ಕಿನಲ್ಲಿ ರೋಗಿಗೆ ವಿವರಿಸುವ ದನಿಯಲ್ಲಿ ಹೇಳಿದ: "ನಾನು ಅವನನ್ನು ಮುಟ್ಟಲಿಲ್ಲ. ಅವನಾಗಿಯೇ ಬಿದ್ದದ್ದು. ಹತ್ತು ನಿಮಿಷ ಬಿಟ್ಟು ನಾನು ಈ ತಿರುವಿಗೆ ಬಂದಾಗ ಕಿವಿಯಲ್ಲಿ ಕೇಳಿಸಿತು. 'ಬಿದ್ದೆ ಮಾರಾಯ, ಕಾಲು ಹೋಯಿತು.' ಇಳಿಯುವವನೇ ಇದ್ದೆ. ಒಂದು ಕಾಲು ಇಳಿಜಾರಿಗೆ ಇಟ್ಟೂ ಆಗಿತ್ತು."

"ಮತ್ತೆ?"

"ಸೋಮವಾರ ನೆನಪಾಯಿತು. ಅವನು ಠಾಣೆಗೆ ಹೋಗ್ತೇನೆ ಅಂದ ದಿನ."

"ಸುಂದರಿಯಜ್ಜಿ," ಎಂದ ಹೂವಪ್ಪ. ತನ್ನ ದನಿ ತನಗೇ ಗುರುತಾಗಲಿಲ್ಲ.

"ಹೆಸರು ಗೊತ್ತಿರಲಿಲ್ಲ. ಪೊದೆಯ ಹಿಂದಿನಿಂದ ಅಡ್ಡ ಬಂದಳು. ವಿಶಾಲ್ ನನ್ನ ಹಿಂದೆ ಇದ್ದ. ಕೈಹಿಡಿದು ನೋಡಿ, ಹೋಗಿದ್ದಾಳೆ, ನಡಿ ಅಂದೆ. ಡಾಕ್ಟರ್ ಹೇಳಿದ ಮೇಲೆ ನಂಬಿದ. ಆಮೇಲೆ ಎಲ್ಲಿಯೋ ಓದಿದನಂತೆ, ಸಂಜೆವರೆಗೆ ಇದ್ದಳು ಅಂತ. ಅಂದಿನಿಂದ ಇವನಿಗೆ ನಿದ್ದೆಯಿಲ್ಲ." ಅವನು ಅಸಹನೆಯಿಂದ ತಲೆ ಕೊಡವಿದ. "ಹದಿನೆಂಟು ವರ್ಷ ಓದಿ ಕಟ್ಟಿದ್ದು. ಒಂದು ತರಗೆಲೆಯ ಮುದುಕಿಗೋಸ್ಕರ ಬಿಟ್ಟುಕೊಡಬೇಕಾ?"

"ಅವಳು ಬದುಕಿದ್ದಾಳೆ ಅಂತ ನಿಮಗೆ ಆಗಲೇ ಗೊತ್ತಿತ್ತಲ್ಲ?"

ಚಿನ್ಮಯ ಕಾಲಬಳಿಯ ಒಂದು ಕಲ್ಲನ್ನು ಬೂಟಿನಿಂದ ಬದಿಗೆ ಸರಿಸಿದ.

"ವಿಶಾಲ್‌ಗೆ ಎಂತ ಹೇಳಿದಿರಿ? ಐದು ಗಂಟೆ ಹೊತ್ತು?"

"ಮೊದಲು ತೊಡೆ ಬಾತಿದೆಯಾ ಅಂತ ಕೇಳಿದೆ. ಬಾತಿದೆ ಅಂದ. ಎಷ್ಟು ಹೊತ್ತು ತಾಳಬಹುದು ಅಂತ ನನಗೆ ಅಂದಾಜು ಸಿಕ್ಕಿತು. ಕೂಗಿದರೆ ರಕ್ತ ಜಾಸ್ತಿ ಹೋಗ್ತದೆ, ಸೀಟಿ ಊದಬೇಡ, ಸುಮ್ಮನೆ ಮಲಗು ಅಂದೆ. ಜೋವಿನ್ ಹಗ್ಗ ತರಲಿಕ್ಕೆ ಹೋಗಿದ್ದಾನೆ ಅಂದೆ. ಆಂಬುಲೆನ್ಸ್ ಕಾರ್ಕಳದಿಂದ ಹೊರಟಿದೆ ಅಂದೆ. ಬಿಸಿಲು ಅಂದ, ನೆರಳಿಗೆ ಸರಿ ಅಂದೆ."

"ತೊಡೆ ಮುರಿದವನನ್ನು ತೆವಳಲಿಕ್ಕೆ ಹೇಳಿದಿರಿ."

"ಹೌದು."

"ಅದರಿಂದ ಒಳಗಿನ ರಕ್ತ ಇನ್ನೂ ಬೇಗ ಹೋಗ್ತದೆ. ಅಲ್ವಾ?"

"ಹೌದು," ಎಂದ ಚಿನ್ಮಯ. ಆಮೇಲೆ ತಲೆಯೆತ್ತಿದ. "ಆದರೆ ನಾನು ಅವನನ್ನು ಮುಟ್ಟಲಿಲ್ಲ. ಹೋಗಲಿಲ್ಲ ಅಂತ ಕೊಲೆ ಮೊಕದ್ದಮೆ ಹಾಕ್ತೀರಾ? ಯಾವ ಕಾನೂನಿನಲ್ಲಿ ಉಂಟು ಅದು?"

ಶರ್ಮಿಳಾ ಅವನ ಹತ್ತಿರಕ್ಕೆ ಬಂದರು. ಹೂಡೆ ಊರಿನ ಹೊಳೆಬದಿಯಲ್ಲಿ ದೋಣಿಯವರ ಮನೆಯಲ್ಲಿ ಹುಟ್ಟಿದವರು. ಸಿಟ್ಟು ಬಂದರೆ ದನಿ ತಗ್ಗುತ್ತಿತ್ತು. "ಹೋಗದೆ ಇದ್ದದ್ದಕ್ಕೆ ಮಾತ್ರ ಅಲ್ಲ. ಸೀಟಿ ಊದುವವನನ್ನು ತಡೆದಿರಿ. ಹತ್ತಿ ಬರುವವನನ್ನು ತಡೆದಿರಿ. ನಮಗೆ ಹೇಳಲಿಕ್ಕೆ ಹೊರಟವಳನ್ನು ತಡೆದಿರಿ. ಸಾಯಲಿ ಅಂತಲೇ ತೆವಳಿಸಿದಿರಿ. ಕೊಲ್ಲಲಿಕ್ಕೆ ಕೈಯೇ ಬೇಕೆಂದು ಇಲ್ಲ ಡಾಕ್ಟ್ರೇ. ಕೋರ್ಟಿನಲ್ಲಿ ಕೇಳಿ, ಹೇಳ್ತಾರೆ. ಸುಂದರಿಯ ಲೆಕ್ಕವೂ ಅಲ್ಲೇ ಆಗ್ತದೆ."

ಕೋಳ ಹಾಕಿದ್ದು ಹೂವಪ್ಪ. ಕೊಂಡಿ ಎರಡು ಸಲ ಜಾರಿತು. ಡಾಕ್ಟರ್ ತಾನೇ ಮಣಿಕಟ್ಟು ಸರಿಯಾಗಿ ಹಿಡಿದುಕೊಟ್ಟ.

ಆಂಬುಲೆನ್ಸ್ ಬಂದು ಹೆಣವನ್ನು ಒಯ್ದಿತು. ಬಂಡೆಯ ಮೇಲೆಯೇ ಕುಳಿತು ಹೂವಪ್ಪ ಹೇಳಿಕೆ ಬರೆದುಕೊಂಡ. ಮೂರು ಹಾಳೆ ತುಂಬಿತು. ಚಿನ್ಮಯ ನಿಧಾನವಾಗಿ, ತಪ್ಪಿಲ್ಲದೆ ಹೇಳುತ್ತಿದ್ದ. ಬರೆಯುವವನ ಕೈಗೆ ಸಮಯ ಕೊಟ್ಟು ನಿಲ್ಲಿಸುತ್ತಿದ್ದ.

ಬರೆದು ಮುಗಿಯಿತು. ಸಹಿಗೆ ಮುಂಚೆ ಹೂವಪ್ಪ ಪೆನ್ನು ಎತ್ತಿದ. ಕೇಳಬಾರದು ಅಂದುಕೊಂಡಿದ್ದ. ಕೇಳಿದ.

"ಕೊನೆಗೆ ಅವನು ಎಂತ ಹೇಳಿದ?"

ಚಿನ್ಮಯ ಮೊದಲ ಬಾರಿಗೆ ಕಣ್ಣು ತಪ್ಪಿಸಿದ. "ಎರಡು ಗಂಟೆಯ ಹೊತ್ತಿಗೆ ಮಾತು ತೊದಲತೊಡಗಿತು. ತಾಯಿಗೆ ಫೋನ್ ಮಾಡಿ ಹೆದರಿಸಬೇಡ ಅಂದ. ಆಮೇಲೆ…"

"ಆಮೇಲೆ?"

"'ನೀನು ಇದ್ದದ್ದು ಒಳ್ಳೆಯದಾಯಿತು ಮಾರಾಯ. ಒಬ್ಬನೇ ಆಗಿದ್ದರೆ ಹೆದರುತ್ತಿದ್ದೆ' ಅಂದ."

 ತನ್ವಿ ಬಂಡೆಯ ಆಚೆಗೆ ಹೋಗಿ ವಾಂತಿ ಮಾಡುವುದು ಕೇಳಿಸಿತು.

ಹೂವಪ್ಪ ಹಾಳೆಗಳನ್ನು ಜೋಡಿಸಿದ. "ಮೇಡಂ, ಹೇಳಿಕೆ ಇಷ್ಟು ಸಾಕಲ್ಲ?"

ಶರ್ಮಿಳಾ ಅವನ ಮುಖ ನೋಡಿದರು. "ಈಗ ಹೇಳಿದ್ದೂ ಬರಬೇಕು ಹೂವಪ್ಪಣ್ಣ."

"ನಾಳೆ ಇವರು ಮ್ಯಾಜಿಸ್ಟ್ರೇಟರ ಮುಂದೆ ಇದನ್ನೇ ಹೇಳಿದರೆ ಕೋರ್ಟಿನಲ್ಲಿ ಗಟ್ಟಿಯಾಗಿ ಓದ್ತಾರೆ ಮೇಡಂ. ರತ್ನಾವತಿ ಅಲ್ಲಿ ಕೂತಿರ್ತಾಳೆ."

"ಗೊತ್ತುಂಟು."

"ಅವಳು ಬುಟ್ಟಿ ಹೊತ್ತು ಸಾಕಿದ ಮಗ."

"ಎರಡು ಗಂಟೆಗೂ ಮಾತಾಡಿದ್ದು ಅದರಲ್ಲಿ ಇಲ್ಲದಿದ್ದರೆ ಇವರ ವಕೀಲರು ಹತ್ತು ನಿಮಿಷದಲ್ಲಿ ಸತ್ತ ಅಂತಲೇ ವಾದಿಸ್ತಾರೆ." ಅವರ ದನಿ ಇನ್ನೂ ತಗ್ಗಿತು. "ಬರೆಯಿರಿ."

ಹೂವಪ್ಪ ನಾಲ್ಕನೆಯ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡ. ಹೇಳಿದವನು ಹೇಳಿದ ಹಾಗೆಯೇ, ಮಾರಾಯ ಎಂಬುದನ್ನೂ ಬಿಡದೆ, ಅಕ್ಷರ ಅಕ್ಷರವಾಗಿ ಬರೆದ.